ಇಂಗ್ಲಿಷ್ ಬಾಲಗಳ ಪೆಟ್ಟಿಗೆ: ಬಳಸುವವರಿಗೊಂದು ಕೈಪಿಡಿ

ಮೊದಲು ಇದನ್ನು ಓದಿ

ಅಭಿನಂದನೆಗಳು. ತಾವೀಗ ಇಂಗ್ಲಿಷ್ ಪ್ರತ್ಯಯಗಳ ಒಂದು ಪೂರ್ತಿ ಸೆಟ್ಟಿನ ಮಾಲೀಕರು. ಇದನ್ನು ತಾವಾಗಿ ಅಂಗಡಿಗೆ ಹೋಗಿ ಕೊಂಡಿದ್ದಲ್ಲ. ಎಲ್‌ಕೆಜಿಯಲ್ಲೋ ಐದನೇ ಕ್ಲಾಸಿನಲ್ಲೋ ಯಾರೋ ಕೈಗೆ ತುರುಕಿದ್ದು. ಜೊತೆಗೆ ಬರಬೇಕಾಗಿದ್ದ ಕೈಪಿಡಿ ಆಗ ಸಿಕ್ಕಿರಲಿಲ್ಲ. ಇಗೋ, ತಡವಾಗಿ ಬಂದಿದೆ. ಮಿಕ್ಸಿಯ ಜೊತೆ ಬರುವ ಪುಸ್ತಕದ ಗತಿಯೇ ಇದಕ್ಕೂ ಎಂದು ನಮಗೆ ಗೊತ್ತು: ಓದದೆ ಪೆಟ್ಟಿಗೆಯೊಳಗೇ ಇಟ್ಟು ಅಟ್ಟಕ್ಕೆ ಸೇರಿಸುತ್ತೀರಿ, ಯಂತ್ರ ಕೆಟ್ಟ ದಿನ ಹುಡುಕುತ್ತೀರಿ, ಅಷ್ಟರಲ್ಲಿ ಜಿರಳೆ ತಿಂದಿರುತ್ತದೆ. ಆದರೂ ಬರೆಯುವುದು ನಮ್ಮ ಕರ್ಮ.

ಪ್ರತ್ಯಯವೆಂದರೆ ಪದದ ಹಿಂಬದಿಗೆ ಅಂಟಿಸುವ ಬಾಲ. ಇಂಗ್ಲಿಷಿನವರು ಇದಕ್ಕೆ ಸಫಿಕ್ಸ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ 'ಅಡಿಗೆ ಸಿಕ್ಕಿಸಿದ್ದು' ಎಂದು. ಸಂಸ್ಕೃತದ ಪ್ರತ್ಯಯಕ್ಕೆ ನಂಬಿಕೆ ಎಂಬ ಅರ್ಥವೂ ಇದೆ. ಮೊಳೆ ಹೊಡೆದವರು ಅವರು, ನಂಬಿ ಕೂತವರು ನಾವು.

ಕನ್ನಡ ಬಲ್ಲ ಬಳಕೆದಾರರು ಈ ಪೆಟ್ಟಿಗೆ ನೋಡಿ ಹೆದರಬೇಕಾಗಿಲ್ಲ. 'ಕೊಡಿಸಬೇಕಾಗಿತ್ತಂತಲ್ಲಪ್ಪ' ಎಂದು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಒಂದೇ ಉಸಿರಿನಲ್ಲಿ ಗೂಡ್ಸ್ ಗಾಡಿ ಬಿಡುವ ಜನ ನಾವು. ಹದಿಮೂರನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ನಮ್ಮ ಬಾಲಗಳ ದಾಸ್ತಾನು ಲೆಕ್ಕ ಬರೆದಿಟ್ಟು ಹೋಗಿದ್ದಾನೆ. ವ್ಯತ್ಯಾಸವಿರುವುದು ಇಷ್ಟೇ. ನಮ್ಮ '-ಅನ್ನು', '-ಅಲ್ಲಿ'ಗಳು ಯಾವ ನಾಮಪದಕ್ಕೆ ಹಚ್ಚಿದರೂ ಮುನಿಸಿಕೊಳ್ಳದೆ ಕೂರುತ್ತವೆ. ಇಂಗ್ಲಿಷಿನವು ಮದುವೆ ಮನೆಯ ಬೀಗರ ಹಾಗೆ: ಕೈಂಡ್ ಪಕ್ಕ '-ನೆಸ್' ಕೂರುತ್ತದೆ, ಕ್ರೂಯೆಲ್ ಪಕ್ಕ '-ಟಿ', ವೈಸ್ ಪಕ್ಕ '-ಡಮ್', ಬ್ರೇವ್ ಪಕ್ಕ '-ರಿ'. ಜಾಗ ಬದಲಾಯಿಸಿದಿರೋ, ಊಟ ಬಿಟ್ಟು ಏಳುತ್ತವೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ 'ಸ್ಲೇವ್‌ಡಮ್' ಎಂದು ಬರೆದು ಕೆಂಪು ಗೀಟು ಹಾಕಿಸಿಕೊಂಡೆ. "ಫ್ರೀ ಆದ್ರೆ ಫ್ರೀಡಮ್ಮು, ಸ್ಲೇವ್ ಆದ್ರೆ ಸ್ಲೇವ್‌ಡಮ್ ಯಾಕಾಗಲ್ಲ ಸರ್?" ಅಂದೆ. "ಆಗಲ್ಲ ಅಂದ್ರೆ ಆಗಲ್ಲ ಕಣೋ, ಕೂತ್ಕೋ" ಅಂದರು ಮೇಷ್ಟ್ರು. ಇಂಗ್ಲಿಷ್ ವ್ಯಾಕರಣದ ಬಗ್ಗೆ ಇಷ್ಟು ಪ್ರಾಮಾಣಿಕವಾದ ಉತ್ತರ ಆಮೇಲೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಹಳೆಯ ಭಾಗಗಳು: ತುಕ್ಕು ಒರೆಸಿ ನೋಡಿ

ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿಟ್ಟ ಕೆಲವು ತುಂಡುಗಳಿವೆ. ಇವು ಸಾವಿರ ವರ್ಷಕ್ಕೂ ಹಳೆಯ ಇಂಗ್ಲಿಷಿನವು. ಒರೆಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ: ಇವುಗಳಲ್ಲಿ ಹೆಚ್ಚಿನವು ಹುಟ್ಟುತ್ತಲೇ ಬಾಲಗಳಾಗಿರಲಿಲ್ಲ. ತಮ್ಮ ಪಾಡಿಗೆ ತಾವು ಬದುಕಿದ್ದ ಇಡೀ ಪದಗಳವು, ಇನ್ನೊಬ್ಬರ ಹಿಂದೆ ನಿಂತು ನಿಂತು ಸವೆದು ಬಾಲವಾದವು.

'-ಡಮ್' ತೆಗೆದುಕೊಳ್ಳಿ. ಅದರ ಪೂರ್ವಾಶ್ರಮದ ಹೆಸರು 'ಡೋಮ್', ಅರ್ಥ ತೀರ್ಪು, ಕಾನೂನು. ರಾಜನ ತೀರ್ಪು ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ಕಿಂಗ್‌ಡಮ್. ಇದೇ ಪದ ಒಂಟಿಯಾಗಿ ಉಳಿದು 'ಡೂಮ್' ಆಯಿತು, ಅಂದರೆ ವಿನಾಶ. ತೀರ್ಪಿನಿಂದ ವಿನಾಶಕ್ಕೆ ಎಷ್ಟು ದೂರವೆಂದು ಕೋರ್ಟಿಗೆ ಅಲೆದವರನ್ನು ಕೇಳಿ. ದಿಗ್ವಿಜಯಿ ವಿಲಿಯಂ 1086ರಲ್ಲಿ ಇಂಗ್ಲೆಂಡಿನ ಬಹುಭಾಗದ ಹೊಲ, ದನ, ಗಿರಣಿಗಳನ್ನು ಲೆಕ್ಕ ಹಾಕಿಸಿ ಮಾಡಿಸಿದ ದಫ್ತರವನ್ನು ಜನ 'ಡೂಮ್ಸ್‌ಡೇ ಪುಸ್ತಕ' ಅಂದರು. ಅದರಲ್ಲಿ ಬರೆದದ್ದಕ್ಕೆ ಮೇಲ್ಮನವಿ ಇರಲಿಲ್ಲ. ನಮ್ಮ ಪಹಣಿಯಲ್ಲಿ ಒಮ್ಮೆ ತಪ್ಪು ಹೆಸರು ಸೇರಿಕೊಂಡರೆ ಆಗುವ ಅನುಭವವೂ ಅದೇ ಜಾತಿಯದು. ಸಿನಿಮಾ ಪುಟಗಳಲ್ಲಿ 'ಸ್ಟಾರ್‌ಡಮ್' ಎಂದು ಓದುವಾಗ ಒಳಗೆ ಒಬ್ಬ ನ್ಯಾಯಾಧೀಶ ಕೂತಿದ್ದಾನೆಂದು ನೆನಪಿರಲಿ.

'-ಹುಡ್' ತಲೆಗೆ ಹಾಕುವ ಮುಸುಕಲ್ಲ. ಅದು 'ಹಾಡ್' ಎಂಬ ಬೇರೆ ಪದ; ಸ್ಥಾನ, ದರ್ಜೆ, ಅವಸ್ಥೆ ಎಂದರ್ಥ. ಚೈಲ್ಡ್‌ಹುಡ್ ಎಂದರೆ ಮಗುವಿನ ದರ್ಜೆ. ಎಚ್ಚರಿಕೆ: 'ಲೈವ್ಲಿಹುಡ್' ಎಂಬಲ್ಲಿ ಅಂಟಿರುವುದು ಡೂಪ್ಲಿಕೇಟ್ ಪಾರ್ಟು. ಆ ಪದ ಮೊದಲು ಬಾಳಿನ ದಾರಿ ಎಂಬರ್ಥದ 'ಲೀಫ್‌ಲಾಡ್' ಆಗಿತ್ತು. ಅದರ ಬಾಲ ಯಾರಿಗೂ ಅರ್ಥವಾಗದೆ ಹೋದಾಗ, ಕೈಗೆ ಸಿಕ್ಕ '-ಹುಡ್' ಅನ್ನೇ ಬಡಿದು ಕೂರಿಸಿದರು. ಹೊಟ್ಟೆಪಾಡಿನ ಪದಕ್ಕೇ ಹೀಗಾದದ್ದು ಸಹಜವೇ ಇರಬೇಕು. ಹೊಟ್ಟೆಪಾಡಿನಲ್ಲಿ ಒರಿಜಿನಲ್ ಪಾರ್ಟು ಹುಡುಕಿಕೊಂಡು ಹೋಗುವವರು ಯಾರು?

'-ಶಿಪ್'ನಲ್ಲಿ ಹಡಗಿಲ್ಲ. ಅದು ಆಕಾರ ಎಂಬರ್ಥದ 'ಶೇಪ್' ಪದದ ದಾಯಾದಿ. ಫ್ರೆಂಡ್‌ಶಿಪ್ ಅಂದರೆ ಗೆಳೆತನ ತಳೆದ ರೂಪ. ಇದರದೇ ಡಚ್ ಸೋದರ '-ಸ್ಕಾಪ್'. ಹಾಲೆಂಡಿನ ಚಿತ್ರಕಾರರು ಬಯಲು, ಹೊಳೆ, ಮೋಡ ಬರೆದು 'ಲಾಂಡ್‌ಸ್ಕಾಪ್' ಅಂದರು; ಇಂಗ್ಲಿಷರು ಚಿತ್ರದ ಜೊತೆ ಪದವನ್ನೂ ತಂದು 'ಲ್ಯಾಂಡ್‌ಸ್ಕೇಪ್' ಮಾಡಿದರು. ಆಮೇಲೆ ಅದರ ಬಾಲ ಕಿತ್ತು ಸೀಸ್ಕೇಪ್, ಸಿಟಿಸ್ಕೇಪ್ ಎಂದು ಹೊಸ ಮಾಲು ಇಳಿಸಿದರು. ಮನೆಯಲ್ಲೇ ಇದ್ದ ಭಾಗವನ್ನು ಪಕ್ಕದ ಊರಿಂದ ಇನ್ನೊಮ್ಮೆ ಕೊಂಡು ತಂದಂತಾಯಿತು.

'-ಲಿ' ಬಗ್ಗೆ ಹೇಳುವಾಗ ಮಕ್ಕಳನ್ನು ದೂರ ಕಳಿಸಿ. ಅದು 'ಲೀಕ್', ಅಂದರೆ ದೇಹ. ಫ್ರೆಂಡ್ಲಿ ಎಂದರೆ ಗೆಳೆಯನ ಮೈಯುಳ್ಳ, ಗೆಳೆಯನಂಥ. ಈ ದೇಹಕ್ಕೆ ಬರಬರುತ್ತಾ ಹೆಣ ಎಂಬ ಅರ್ಥವೇ ಅಂಟಿಕೊಂಡಿತು. ಇಂಗ್ಲೆಂಡಿನ ಹಳ್ಳಿಯ ಚರ್ಚುಗಳ ಅಂಗಳಕ್ಕೆ ಮಾಡಿನ ಹೆಬ್ಬಾಗಿಲೊಂದಿರುತ್ತದೆ, ಶವವನ್ನು ಒಂದಿಷ್ಟು ಹೊತ್ತು ಇಳಿಸಿ ಪಾದ್ರಿಗೆ ಕಾಯುವ ಜಾಗ. ಅದರ ಹೆಸರು ಲಿಚ್‌ಗೇಟ್. ಅಂಗಡಿಯಲ್ಲಿ ಸೀರೆ ಬಿಚ್ಚಿಸಿ 'ಲವ್ಲಿ' ಎಂದು ಉದ್ಗರಿಸುವಾಗ ಇದನ್ನು ನೆನೆಯಬೇಕಾಗಿಲ್ಲ, ನಿಜ. ಆದರೆ ಹಾಗೇ, ಅದರಂತೆ ಎಂಬ 'ಲೈಕ್' ಕೂಡ ಅದೇ ಮೈಯಿಂದ ಬಂದದ್ದು. ಮಾತಿಗೊಂದು ಸಲ 'ಲೈಕ್... ಲೈಕ್...' ಅನ್ನುವ ಮನೆಯ ಹುಡುಗರಿಗೆ ಒಂದು ಸಂಜೆ ಈ ವಿಷಯ ತಿಳಿಸಿ ನೋಡಿ.

'-ಲೆಸ್' ಭಾಗವನ್ನು ಕಡಿಮೆ ಎಂದು ಓದುವುದು ತೀರಾ ಸಾಮಾನ್ಯ ತಪ್ಪು. ಇದು ಹೆಚ್ಚು-ಕಡಿಮೆಯ ಲೆಸ್ ಅಲ್ಲ. 'ಲೇಆಸ್', ಅಂದರೆ ಕಳಚಿಹೋದ, ಪೂರಾ ಖಾಲಿಯಾದ. ಸಡಿಲ ಎಂಬ 'ಲೂಸ್'ಗೆ ನೆಂಟ. ಆ ಪ್ರಕಾರ ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಕಲೆಯೇ ಇಲ್ಲದ ಉಕ್ಕು. ತಮ್ಮ ಮನೆಯ ಸಾರಿನ ಪಾತ್ರೆ ನೋಡಿದ ಮೇಲೆ 'ಕಲೆ ಕಡಿಮೆ' ಎಂಬ ಅರ್ಥವೇ ವಾಸಿ ಅನ್ನಿಸಿದರೆ ಅದಕ್ಕೆ ನಾವು ಹೊಣೆಯಲ್ಲ. ಈ ಬಾಲಕ್ಕೆ ಅಂಟಿದ ಕೆಲವು ತಲೆಗಳು ಯಾವಾಗಲೋ ಸತ್ತಿವೆ. ರೂತ್‌ಲೆಸ್ ಇದೆ, ಕರುಣೆ ಎಂಬರ್ಥದ ರೂತ್ ಈಗ ಯಾರ ಬಾಯಲ್ಲೂ ಇಲ್ಲ. ಕರುಣೆ ಹೋಗಿ, ಕರುಣೆಯಿಲ್ಲದ್ದು ಉಳಿದಿದೆ.

ವಿದ್ಯುತ್ ಸಂಪರ್ಕ

ಈ ಪೆಟ್ಟಿಗೆಯಲ್ಲಿ ಎರಡು ಬಗೆಯ ಪ್ಲಗ್ಗುಗಳಿವೆ. ಕಾರಣ 1066. ಆ ವರ್ಷ ಫ್ರಾನ್ಸಿನ ನಾರ್ಮಂಡಿಯವರು ಸಮುದ್ರ ದಾಟಿ ಬಂದು ಹೇಸ್ಟಿಂಗ್ಸ್ ಬಳಿ ಇಂಗ್ಲಿಷರನ್ನು ಸೋಲಿಸಿದರು. ಹೇಸ್ಟಿಂಗ್ಸ್ ಎಂಬುದರ ಬಾಲದಲ್ಲೇ ಹಳೆಯ '-ಇಂಗ್' ಇದೆ, ಹೇಸ್ಟ ಎಂಬವನ ಮಂದಿ ಎಂದು. ಹೇಸ್ಟನ ಮಂದಿಯ ಊರಿನಲ್ಲಿ ಶುರುವಾದ ಜಗಳ ಮುಗಿಯುವಷ್ಟರಲ್ಲಿ ಕೋರ್ಟು, ಅರಮನೆ, ಕಂದಾಯ ಎಲ್ಲ ಫ್ರೆಂಚ್ ಮಾತಾಡುತ್ತಿದ್ದವು. ಅವರ ಸಾಮಾನಿನ ಗಾಡಿಯಲ್ಲಿ '-ಮೆಂಟ್', '-ಷನ್', '-ಇಟಿ', '-ಎಬಲ್'ಗಳು ಬಂದು ಇಳಿದವು. ಎಲ್ಲವೂ ಲ್ಯಾಟಿನ್ನಿನ ಮೊಮ್ಮಕ್ಕಳು.

ಹಾಗಾಗಿ ನಿಯಮ: '-ನೆಸ್' ಎಲ್ಲ ಸಾಕೆಟ್ಟಿಗೂ ಹೊಂದುತ್ತದೆ. '-ಇಟಿ' ಲ್ಯಾಟಿನ್ ಸಾಕೆಟ್ಟಿಗೆ ಮಾತ್ರ. ಅದನ್ನು ಸಿಕ್ಕಿಸಿದೊಡನೆ ಪದದ ಒತ್ತು ಜಾಗ ಬಿಟ್ಟು ಓಡುತ್ತದೆ: ಎಲೆಕ್ಟ್ರಿಕ್‌ನಲ್ಲಿ 'ಲೆಕ್' ಮೇಲೆ ಬೀಳುತ್ತಿದ್ದ ಭಾರ ಎಲೆಕ್ಟ್ರಿಸಿಟಿಯಲ್ಲಿ 'ಟ್ರಿ' ಮೇಲೆ ಬಿದ್ದು, 'ಕ' ಹೋಗಿ 'ಸ' ಆಗುತ್ತದೆ. ಇದು ಯಂತ್ರದ ದೋಷವಲ್ಲ, ಲ್ಯಾಟಿನ್ ಭಾಗಗಳ ಸಹಜ ಕಂಪನ. ನಾವು ಕನ್ನಡಿಗರು ಎಲ್ಲ ಅಕ್ಷರಕ್ಕೂ ಸಮನಾಗಿ ಒತ್ತು ಹಂಚುವವರಾದ್ದರಿಂದ ನಮ್ಮ ಬಾಯಲ್ಲಿ ಈ ಕಂಪನ ಕೇಳಿಸುವುದೇ ಇಲ್ಲ.

'-ಎಬಲ್' ಬಾಲಕ್ಕೂ, ಸಾಮರ್ಥ್ಯ ಎಂಬರ್ಥದ 'ಏಬಲ್' ಪದಕ್ಕೂ ಹುಟ್ಟಿನಿಂದ ಸಂಬಂಧವಿಲ್ಲ. ಒಂದು ಲ್ಯಾಟಿನ್ನಿನ ಬರೀ ಬಾಲ, ಇನ್ನೊಂದು ಹಿಡಿಯುವುದು ಎಂಬ ಕ್ರಿಯಾಪದದಿಂದ ಬಂದದ್ದು. ಒಂದೇ ಬೀದಿಯಲ್ಲಿ ನೂರಾರು ವರ್ಷ ಓಡಾಡಿ ಓಡಾಡಿ ಜನ ಅಣ್ಣತಮ್ಮ ಎಂದುಕೊಂಡರು, ಅವೂ ಹಾಗೇ ನಡೆದುಕೊಂಡವು.

'-ಅರ್' ಮಾತ್ರ ಇವೆಲ್ಲಕ್ಕಿಂತ ಮೊದಲೇ ಬಂದ ಲ್ಯಾಟಿನ್ ಅತಿಥಿ. ಇಂಗ್ಲಿಷರ ಪೂರ್ವಜರು ಇನ್ನೂ ಇಂಗ್ಲೆಂಡಿಗೆ ಕಾಲಿಡುವ ಮುಂಚೆಯೇ ರೋಮನ್ನರ '-ಆರಿಯುಸ್' ಅನ್ನು ಕಡ ತಂದು ತಮ್ಮ ಬೇಕ್, ಟೀಚ್‌ಗಳಿಗೆ ಹಚ್ಚಿಕೊಂಡರು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಮಾತು. ನಾವು ಸಂಸ್ಕೃತದ 'ಕಾರ'ವನ್ನು ಇಳಿಸಿಕೊಂಡು 'ಗಾರ' ಮಾಡಿ ಅಚ್ಚಕನ್ನಡದ ಬೇಟೆಗೂ ಹಾಡಿಗೂ ಅಂಟಿಸಿ ಬೇಟೆಗಾರ, ಹಾಡುಗಾರ ಅನ್ನಲಿಲ್ಲವೇ, ಹಾಗೇ. ಕಡ ತಂದ ಪಾತ್ರೆಗೆ ಸ್ವಂತದ ಹೆಸರು ಕೆತ್ತಿಸುವುದು ಎಲ್ಲ ಊರಿನ ಪದ್ಧತಿ.

ಹೆಂಗಸರ ಭಾಗಗಳು

'-ಸ್ಟರ್' ಎಂಬುದು ಹಳೆ ಇಂಗ್ಲಿಷಿನಲ್ಲಿ ಕೆಲಸ ಮಾಡುವ ಹೆಣ್ಣಿಗೆ ಮೀಸಲಾಗಿದ್ದ ಬಾಲ, ನಮ್ಮ ಹೂವಾಡಗಿತ್ತಿಯ '-ಗಿತ್ತಿ' ಇದ್ದಂತೆ. ಬೇಯಿಸುವವಳು ಬ್ಯಾಕ್‌ಸ್ಟರ್, ನೇಯುವವಳು ವೆಬ್‌ಸ್ಟರ್, ನೂಲುವವಳು ಸ್ಪಿನ್‌ಸ್ಟರ್. ಬರಬರುತ್ತಾ ಬೇಕರಿ, ಮಗ್ಗಗಳ ಲಾಭ ಗಂಡಸರ ಕೈಗೆ ಹೋಯಿತು, ಬಾಲವೂ ಅದರ ಹಿಂದೆ ಹೋಯಿತು. ಅಮೆರಿಕನ್ ಇಂಗ್ಲಿಷಿಗೆ 1828ರಲ್ಲಿ ದೊಡ್ಡ ನಿಘಂಟು ಕೊಟ್ಟ ನೋಹ ವೆಬ್‌ಸ್ಟರ್ ಹೆಸರಿನ ಪ್ರಕಾರ ನೇಕಾರ ಹೆಂಗಸು. ಈಗ ಆ ಬಾಲ ಉಳಿದಿರುವುದು ಹೆಚ್ಚಾಗಿ ಗ್ಯಾಂಗ್‌ಸ್ಟರ್‌ನಂಥ ಸಹವಾಸದಲ್ಲಿ. ಹೊಲಿಯುವವಳಿಗೆ ಮಾತ್ರ ಅನುಮಾನ ಬೇಡವೆಂದು ಸ್ಟರ್ ಮೇಲೆ ಫ್ರೆಂಚಿನ '-ಎಸ್' ಬೇರೆ ಜಡಿದು ಸೀಮ್‌ಸ್ಟ್ರೆಸ್ ಮಾಡಿದರು. ಎರಡು ಸಲ ಹೆಣ್ಣು.

ಸ್ಪಿನ್‌ಸ್ಟರ್ ಕತೆ ಬೇರೆ. ನೂಲುವುದು ಮದುವೆಯಾಗದ ಹೆಂಗಸರ ಕೈಗೆ ಸಿಗುತ್ತಿದ್ದ ಗಟ್ಟಿ ಸಂಪಾದನೆ. ಹದಿನೇಳನೇ ಶತಮಾನದ ಹೊತ್ತಿಗೆ ಅದು ಕಾಗದಪತ್ರಗಳಲ್ಲಿ ಅವಿವಾಹಿತೆ ಎಂಬುದಕ್ಕೆ ಕಾನೂನಿನ ಪದವೇ ಆಯಿತು. ರಾಟೆ ಹೋಯಿತು, ಮದುವೆಯಾಗದ್ದು ಉಳಿಯಿತು. ಆಮೇಲೆ ಅದರೊಳಕ್ಕೆ ಕೊಂಕು ಸೇರಿತು. ಇಂಗ್ಲೆಂಡಿನ ಮದುವೆ ರಿಜಿಸ್ಟರುಗಳಿಂದ ಈ ಪದ ಕೊನೆಗೂ ಹೊರಬಿದ್ದದ್ದು 2005ರಲ್ಲಿ.

'-ಎಟ್' ಫ್ರೆಂಚಿನಿಂದ ಬಂದದ್ದು. ಪುಟ್ಟದು, ಇಲ್ಲವೇ ನಕಲಿ ಎಂದು ಸೂಚಿಸುತ್ತದೆ. ಕಿಚನೆಟ್ ಪುಟ್ಟ ಅಡುಗೆಮನೆ, ಲೆದರೆಟ್ ನಕಲಿ ಚರ್ಮ. ಮತದಾನದ ಹಕ್ಕಿಗಾಗಿ ಬೀದಿಗಿಳಿದ ಬ್ರಿಟನ್ನಿನ ಹೆಂಗಸರನ್ನು 1906ರಲ್ಲಿ ಡೈಲಿ ಮೇಲ್ ಪತ್ರಿಕೆ 'ಸಫ್ರಜೆಟ್' ಎಂದು ಅಣಕಿಸಿತು. ಮತದ ಹಕ್ಕಿನ ಹೋರಾಟಗಾರ ಎಂಬರ್ಥದ 'ಸಫ್ರಜಿಸ್ಟ್' ಪದ ಆಗಲೇ ಇತ್ತು, ಅದರ '-ಇಸ್ಟ್' ಕಿತ್ತು '-ಎಟ್' ಹಾಕಿದ್ದು ಬೇಕೆಂದೇ: ಇವರು ಚಿಲ್ಲರೆ ಹೋರಾಟಗಾರ್ತಿಯರು ಎಂದು. ಆ ಹೆಂಗಸರು ಏನು ಮಾಡಿದರು? ಬಾಲವನ್ನು ಕಳಚಲು ಹೋಗಲಿಲ್ಲ. 1912ರಲ್ಲಿ ತಮ್ಮ ಪತ್ರಿಕೆಗೇ 'ದಿ ಸಫ್ರಜೆಟ್' ಎಂದು ಹೆಸರಿಟ್ಟರು. 1918ರಲ್ಲಿ ಮೂವತ್ತು ದಾಟಿದ ಕೆಲವರಿಗೆ, 1928ರಲ್ಲಿ ಗಂಡಸರ ಸಮಕ್ಕೆ ಮತ ಬಂತು. ಈಗ ಆ ಪದ ಕೇಳಿದರೆ ಯಾರಿಗೂ ಪುಟ್ಟದೇನೂ ನೆನಪಾಗುವುದಿಲ್ಲ. ಈ ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದು.

ಎಚ್ಚರಿಕೆ: ಚುಕ್ಕಿ ಗೆರೆಯ ಮೇಲೇ ಕತ್ತರಿಸಿ

ಪದವನ್ನು ಅದರ ಗಂಟಿನಲ್ಲೇ ಕತ್ತರಿಸಬೇಕು. ಬೇರೆ ಕಡೆ ಕತ್ತರಿ ಆಡಿಸಿದರೆ ಗ್ಯಾರಂಟಿ ರದ್ದಾಗುತ್ತದೆ. ಈ ಸೂಚನೆಯನ್ನು ಇದುವರೆಗೆ ಯಾರೂ ಪಾಲಿಸಿಲ್ಲ.

ಹ್ಯಾಂಬರ್ಗರ್ ಎಂಬುದರ ಗಂಟು ಇರುವುದು ಹ್ಯಾಂಬರ್ಗ್ ಮತ್ತು '-ಅರ್' ನಡುವೆ. ಜರ್ಮನಿಯ ಹ್ಯಾಂಬರ್ಗ್ ಊರಿನದು ಎಂದಷ್ಟೇ ಅರ್ಥ, ನಮ್ಮ ಮದ್ದೂರು ವಡೆ ಇದ್ದಂತೆ. ತಿನ್ನುವವರಿಗೆ ಊರು ಕಾಣಲಿಲ್ಲ, ಹಂದಿಮಾಂಸ ಎಂಬರ್ಥದ 'ಹ್ಯಾಮ್' ಕಂಡಿತು. ಅದರಲ್ಲಿದ್ದದ್ದು ದನದ ಮಾಂಸ, ಅದು ಬೇರೆ ಮಾತು. ಹ್ಯಾಮ್ ಒಂದು ಕಡೆ, ಬರ್ಗರ್ ಇನ್ನೊಂದು ಕಡೆ ಎಂದು ಸೀಳಿ, ಚೀಸ್‌ಬರ್ಗರ್, ವೆಜ್ ಬರ್ಗರ್ ಎಂದು ಮೆನು ಬೆಳೆಸಿದರು. ನಾಳೆ ಯಾರೋ ಪುಣ್ಯಾತ್ಮ ಮದ್ದೂರನ್ನು 'ಮದ್ದು' ಮತ್ತು 'ಊರು' ಎಂದು ಒಡೆದು, ಮದ್ದು ಹಾಕಿದ ವಡೆಗೆ ಮದ್ದೂರು ಅನ್ನುವುದಾದರೆ ಈರುಳ್ಳಿ ಹಾಕಿದ್ದಕ್ಕೆ ಈರುಳ್ಳಿಯೂರು, ಪನೀರು ಹಾಕಿದ್ದಕ್ಕೆ ಪನೀರೂರು ಎಂದು ಬೋರ್ಡು ಬರೆಸಿದರೆ ನಾವು ನಗುತ್ತೇವೆ. ಜಗತ್ತು ಬರ್ಗರ್ ವಿಷಯದಲ್ಲಿ ನಗಲಿಲ್ಲ, ತಿಂದಿತು.

ಹೆಲಿಕಾಪ್ಟರ್ ಗತಿಯೂ ಅದೇ. ಗ್ರೀಕಿನ 'ಹೆಲಿಕೊ' ಎಂದರೆ ಸುರುಳಿ, 'ಪ್ಟೆರ್' ಎಂದರೆ ರೆಕ್ಕೆ. 'ಪ್ಟ' ಎಂದು ಮಾತು ಶುರುಮಾಡುವುದು ಇಂಗ್ಲಿಷ್ ನಾಲಿಗೆಗೆ ಆಗದ ಕೆಲಸ. ಹಾಗಾಗಿ ಹೆಲಿ, ಕಾಪ್ಟರ್ ಎಂದು ತಪ್ಪು ಗಂಟಿನಲ್ಲಿ ಮುರಿದರು. ಮಂತ್ರಿಗಳು ಬರುವ ಹಿಂದಿನ ದಿನ ಹೈಸ್ಕೂಲ್ ಮೈದಾನದಲ್ಲಿ ಸುಣ್ಣದ ವೃತ್ತ ಬರೆದು ಮಾಡುವ ಹೆಲಿಪ್ಯಾಡ್ ಎಂಬುದರಲ್ಲಿ ಸುರುಳಿ ಅರ್ಧ ಇದೆ, ರೆಕ್ಕೆ ಇಲ್ಲವೇ ಇಲ್ಲ.

'-ಹಾಲಿಕ್' ಇನ್ನೂ ರುಚಿಕರ. ಅರಬ್ಬಿಯಲ್ಲಿ 'ಕೊಹ್ಲ್' ಎಂದರೆ ಕಣ್ಣಿಗೆ ಹಚ್ಚುವ ಕಾಡಿಗೆಯ ಪುಡಿ, 'ಅಲ್' ಅದರ ಮುಂದಿನ ನಿರ್ದೇಶಕ. ನಯವಾದ ಪುಡಿ ಎಂಬುದು ಯುರೋಪಿನ ರಸವಾದಿಗಳ ಕೈಯಲ್ಲಿ ಶುದ್ಧಗೊಳಿಸಿದ ಸತ್ವ ಎಂದಾಯಿತು, ಸತ್ವ ಎಂಬುದು ಭಟ್ಟಿ ಇಳಿಸಿದ ಸಾರ ಎಂದಾಯಿತು. ಹೀಗೆ ಕಣ್ಣಿಗೆ ಹಚ್ಚುವುದು ಗಂಟಲಿಗೆ ಇಳಿಯಿತು. ಅಲ್ಕೊಹಾಲ್‌ಗೆ '-ಇಕ್' ಸೇರಿ ಅಲ್ಕೊಹಾಲಿಕ್. ಅಮೆರಿಕದ ವೇಯ್ನ್ ಓಟ್ಸ್ ಎಂಬ ಪಾದ್ರಿ-ಮನಶ್ಶಾಸ್ತ್ರಜ್ಞ ತನ್ನ ಕೆಲಸದ ಚಟವೂ ಕುಡಿತದಂಥದ್ದೇ ಎಂದು ಕಂಡುಕೊಂಡು 'ವರ್ಕಹಾಲಿಕ್' ಎಂಬ ಪದ ಹೊಸೆದ; 1971ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಗಂಟು ನೋಡದೆ ಕತ್ತರಿಸಿದ್ದರಿಂದ ವರ್ಕಹಾಲಿಕ್ ಎಂಬುದಕ್ಕೆ ಅಕ್ಷರಶಃ ಅರ್ಥ ಕೆಲಸದ ಕಾಡಿಗೆಯವನು ಎಂದು. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತವರ ಕಣ್ಣಿನ ಕೆಳಗೆ ನೋಡಿದರೆ ಲೆಕ್ಕ ಸರಿಯಾಗೇ ಇದೆ.

ಮ್ಯಾರಥಾನ್ ಗ್ರೀಸಿನ ಒಂದು ಬಯಲು, ಕ್ರಿ.ಪೂ. 490ರಲ್ಲಿ ಪರ್ಷಿಯನ್ನರೊಡನೆ ಯುದ್ಧ ನಡೆದ ಜಾಗ. ಆ ಪದಕ್ಕೆ ಗ್ರೀಕಿನಲ್ಲಿ ಸೋಂಪು ಎಂದರ್ಥ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಆ ಹೆಸರಿನ ಓಟ ಶುರುವಾದ ಮೇಲೆ ಅದರ ಬಾಲ ಕಿತ್ತು ವಾಕಥಾನ್ ಮಾಡಿದರು. ಈಗ ಬೆಂಗಳೂರಿನ ಕಾಲೇಜುಗಳಲ್ಲಿ ಹ್ಯಾಕಥಾನ್ ನಡೆಯುತ್ತದೆ. ಇಪ್ಪತ್ತನಾಲ್ಕು ಗಂಟೆ ನಿದ್ದೆಗೆಟ್ಟು ಕೋಡ್ ಬರೆಯುವ ಹುಡುಗರ ಹಿಂದೆ ಬಾಲವಾಗಿ ಇರುವುದು, ಹೋಟೆಲ್ ಬಿಲ್ಲಿನ ತಟ್ಟೆಯಲ್ಲಿ ಸಿಗುವ ಸೋಂಪಿನ ಅರ್ಧ ಕಾಳು.

'-ಗೇಟ್'ನಲ್ಲಂತೂ ಕತ್ತರಿಸಿದ್ದು ಸರಿಯಾದ ಗಂಟೇ, ಅರ್ಥ ಮಾತ್ರ ಕೆಟ್ಟಿತು. ವಾಟರ್‌ಗೇಟ್ ವಾಷಿಂಗ್ಟನ್ನಿನ ಒಂದು ಕಟ್ಟಡ ಸಮುಚ್ಚಯ. 1972ರ ಜೂನ್ 17ರಂದು ಅಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು, ಎರಡು ವರ್ಷಕ್ಕೆ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಅಂದಿನಿಂದ ಪತ್ರಕರ್ತರಿಗೆ ಗೇಟ್ ಎಂದರೆ ಹಗರಣ. ದಕ್ಷಿಣ ಕರ್ನಾಟಕದಲ್ಲಿ ಈ ಬಾಲವನ್ನು ಎಚ್ಚರದಿಂದ ಬಳಸಿ. ಹೊಸೂರು ರಸ್ತೆಯಲ್ಲಿ ಹುಸ್ಕೂರು ಗೇಟ್ ಇದೆ, ಮಾಗಡಿ ರಸ್ತೆಯಲ್ಲಿ ಟೋಲ್‌ಗೇಟ್ ಇದೆ, ಬಸ್ಸು ದಿನವೂ ಅಲ್ಲಿ ನಿಲ್ಲುತ್ತದೆ, ಪಾಪ ಏನೂ ಆಗಿರುವುದಿಲ್ಲ.

ಆರೋಗ್ಯ ಸೂಚನೆ

'-ಐಟಿಸ್' ಮುಟ್ಟಿದವರು ಕೈ ತೊಳೆದುಕೊಳ್ಳಿ. ಇದಕ್ಕೆ ಊತ, ಉರಿ ಎಂಬ ಅರ್ಥ ಬಂದದ್ದು ಆಮೇಲೆ. ಗ್ರೀಕರಿಗೆ ಅದು ಬರೀ ನಮ್ಮ ಷಷ್ಠಿಯಂಥದ್ದು. ಆರ್ತ್ರೈಟಿಸ್ ಎಂದರೆ 'ಕೀಲಿನ', ಅಷ್ಟೇ. ಮುಂದೆ ರೋಗ ಎಂಬ ಪದವಿತ್ತು, 'ಕೀಲಿನ ರೋಗ' ಎಂದು. ಹೇಳಿ ಹೇಳಿ ರೋಗ ಉದುರಿಹೋಯಿತು, ಅದರ ಅರ್ಥವೆಲ್ಲ 'ಇನ' ಎಂಬ ಬಾಲಕ್ಕೆ ಇಳಿಯಿತು. ನಂಬಲು ಕಷ್ಟವಾದರೆ ನಮ್ಮ ಮಾತನ್ನೇ ಕೇಳಿಸಿಕೊಳ್ಳಿ. "ನಮ್ಮತ್ತೆಗೆ ಬಿಪಿ ಇದೆ" ಅನ್ನುತ್ತೇವೆ. ಬಿಪಿ ಇಲ್ಲದವರು ಬದುಕಿರುತ್ತಾರೆಯೇ? "ಅವರಿಗೆ ಶುಗರ್ ಇದೆ." ಕಾಯಿಲೆ ಎಂಬ ಪದ ಬಿದ್ದುಹೋಗಿದೆ, ಕಾಯಿಲೆ ಉಳಿದಿದೆ.

ಬಾಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಸ್ 1886ರಲ್ಲಿ ಹೊಟ್ಟೆಯೊಳಗಿನ ಒಂದು ಪುಟ್ಟ ಬಾಲದ ಊತಕ್ಕೆ ಅಪೆಂಡಿಸೈಟಿಸ್ ಎಂಬ ಹೆಸರನ್ನು ಚಾಲ್ತಿಗೆ ತಂದ. ಬಾಲದ ರೋಗಕ್ಕೊಂದು ಬಾಲ. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಮುದ್ರಣದಲ್ಲಿ ಆ ಪದ ಇರಲಿಲ್ಲ. 1902ರ ಜೂನ್ 26ಕ್ಕೆ ಏಳನೇ ಎಡ್ವರ್ಡನ ಪಟ್ಟಾಭಿಷೇಕ ನಿಗದಿಯಾಗಿತ್ತು. ಎರಡು ದಿನ ಮುಂಚೆ ರಾಜನಿಗೆ ಅದೇ ಕಾಯಿಲೆಗೆ ಶಸ್ತ್ರಚಿಕಿತ್ಸೆ, ಸಮಾರಂಭ ಆಗಸ್ಟಿಗೆ. ಇಡೀ ಸಾಮ್ರಾಜ್ಯದ ಬಾಯಲ್ಲಿ ಆ ಪದ, ನಿಘಂಟು ತೆಗೆದರೆ ನಾಪತ್ತೆ. ಯಾವ ಪದ ಬೇಕು, ಯಾವುದು ಬೇಡ ಎಂದು ಪಂಡಿತರು ತೀರ್ಮಾನಿಸಿದಾಗಲೆಲ್ಲ ಯಾವನಾದರೂ ರಾಜನಿಗೆ ಹೊಟ್ಟೆನೋವು ಬರುತ್ತದೆ.

ಸ್ಥಳೀಯ ವರ್ಕ್‌ಶಾಪಿನಲ್ಲಿ ತಯಾರಾದ ಭಾಗಗಳು

ನಮ್ಮಲ್ಲೂ ಒಳ್ಳೆಯ ಮೆಕ್ಯಾನಿಕ್ಕುಗಳಿದ್ದಾರೆ. ಪುಟ್ಟದಕ್ಕೂ ಮುದ್ದಿಗೂ ಇಂಗ್ಲಿಷರು ಹಚ್ಚುವ '-ಇ' ಹಿಡಿದು ನಾವು ಮಿಕ್ಸರ್ ಅನ್ನು ಮಿಕ್ಸಿ ಮಾಡಿದೆವು, ನೈಟಿಯನ್ನು ಹಗಲಿಗೂ ತಂದೆವು. ನೈಟಿ ತೊಟ್ಟು ಮಿಕ್ಸಿ ಹಾಕುತ್ತಾ ಟೆಕ್ಕಿ ಮಗನಿಗೆ ಫೋನು ಮಾಡುವ ತಾಯಿ ಒಂದೇ ಬಾಲದ ಮೇಲೆ ಇಡೀ ಸಂಸಾರ ನಡೆಸುತ್ತಾರೆ. ಹಿಂದಿಯ '-ವಾಲಾ' ಕಂಪನಿ ಸರ್ಕಾರದ ಕಾಲದಲ್ಲೇ ಇಂಗ್ಲಿಷಿಗೆ ರಫ್ತಾಗಿದೆ. 1855ರಿಂದ ಸಿವಿಲ್ ಸರ್ವಿಸಿಗೆ ಪರೀಕ್ಷೆ ಬರೆದು ಬಂದ ಬಿಳಿಯರನ್ನು, ವಶೀಲಿಯಿಂದ ಬಂದ ಹಳಬರು 'ಕಾಂಪಿಟಿಷನ್ ವಾಲಾ' ಎಂದು ಮೂಗು ಮುರಿಯುತ್ತಿದ್ದರು.

ಮಾಡುವವನಿಗೆ '-ಅರ್', ಮಾಡಿಸಿಕೊಳ್ಳುವವನಿಗೆ '-ಈ' ಎಂಬುದು ನಾರ್ಮನ್ ವಕೀಲರು ಬಿಟ್ಟುಹೋದ ನಿಯಮ: ಎಂಪ್ಲಾಯರ್, ಎಂಪ್ಲಾಯೀ. ಈ ಲೆಕ್ಕಕ್ಕೆ ಪೊಲೀಸ್ ಠಾಣೆಯಲ್ಲಿ ರೌಡಿ ಶೀಟು ತೆರೆಯುವವರು ಇನ್ಸ್‌ಪೆಕ್ಟರು, ತೆರೆಸಿಕೊಳ್ಳುವವನು ರೌಡಿ. ಶೀಟರ್ ಆಗಬೇಕಾದವರು ಯಾರು? ದಯವಿಟ್ಟು ಈ ಪ್ರಶ್ನೆಯನ್ನು ಠಾಣೆಯಲ್ಲಿ ಕೇಳಬೇಡಿ. ಕಚೇರಿಗಳಲ್ಲಿ ಓಡಾಡುವ 'ಮೆಂಟೀ' ಕೂಡ ಇಂಥದ್ದೇ. ಮೆಂಟರ್ ಎಂಬುದು ಗ್ರೀಕ್ ಮಹಾಕಾವ್ಯದ ಒಬ್ಬ ಮುದುಕನ ಹೆಸರು, ಅದರಲ್ಲಿ ಕಿತ್ತುಹಾಕಲು '-ಅರ್' ಇರಲೇ ಇಲ್ಲ. ದ್ರೋಣಾಚಾರ್ಯರ 'ಆಚಾರ್ಯ' ಬಿಟ್ಟು 'ದ್ರೋ' ಎಂದು ಕತ್ತರಿಸಿ ಅರ್ಜುನನನ್ನು 'ದ್ರೋಯಿಸಿಕೊಂಡವನು' ಅಂದ ಹಾಗೆ. ನಮ್ಮ ಸಿಟಿ ಬಸ್ಸಿನ ಗೋಡೆಯ ಮೇಲಿನ 'ಸ್ಟ್ಯಾಂಡೀಸ್' ಮಾತ್ರ ವ್ಯಾಕರಣಕ್ಕೆ ಸರಿಹೊಂದುತ್ತದೆ: ಅಲ್ಲಿ ಯಾರೂ ತಾವಾಗಿ ನಿಂತಿರುವುದಿಲ್ಲ, ನಿಲ್ಲಿಸಲ್ಪಟ್ಟಿರುತ್ತಾರೆ.

2000ದ ದಶಕದ ಆರಂಭದಲ್ಲಿ ಅಮೆರಿಕದ ಜನ ನಮ್ಮ ರಾಜಧಾನಿಗೇ '-ಎಡ್' ಹಚ್ಚಿ 'ಬ್ಯಾಂಗಲೋರ್ಡ್' ಅಂದರು: ಕೆಲಸ ಬೆಂಗಳೂರಿಗೆ ಹೋಗಿ ತಾನು ಮನೆಗೆ ಹೋದವನು. ಊರೊಂದು ಕ್ರಿಯಾಪದವಾದದ್ದಕ್ಕೆ ಹೆಮ್ಮೆಪಡಬೇಕೋ ಬೇಡವೋ ಎಂದು ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ದೂರು ಸಲ್ಲಿಸುವ ವಿಧಾನ

ಕಂಪನಿಯ ವಿಳಾಸವಿಲ್ಲ. ಫ್ರೆಂಚರಿಗೆ 1635ರಿಂದ ಒಂದು ಅಕಾಡೆಮಿ ಇದೆ, ದೂರು ಕೊಟ್ಟರೆ ಕನಿಷ್ಠ ರಸೀದಿಯಾದರೂ ಸಿಗುತ್ತದೆ. ಇಂಗ್ಲಿಷಿಗೂ ಅಂಥದ್ದೊಂದು ಸರ್ವಿಸ್ ಸೆಂಟರ್ ಬೇಕೆಂದು ಜೋನಾಥನ್ ಸ್ವಿಫ್ಟ್ 1712ರಲ್ಲಿ ಖಜಾನೆಯ ಮುಖ್ಯಸ್ಥರಿಗೆ ದೊಡ್ಡ ಅರ್ಜಿ ಬರೆದ. ಪದಗಳನ್ನು ಮನಬಂದಂತೆ ಕತ್ತರಿಸುತ್ತಿದ್ದಾರೆ, ನಿಲ್ಲಿಸಿ ಎಂಬುದು ಅವನ ಅಳಲುಗಳಲ್ಲೊಂದು. ಎರಡು ವರ್ಷಕ್ಕೆ ಆ ಮುಖ್ಯಸ್ಥರ ಅಧಿಕಾರ ಹೋಯಿತು, ರಾಣಿ ತೀರಿಕೊಂಡಳು, ಕಡತ ಮುಂದೆ ಚಲಿಸಲಿಲ್ಲ.

ಜೋಡಿಸಿದ ಮೇಲೂ ಒಂದು ತುಂಡು ಉಳಿದರೆ

ಉಳಿಯುತ್ತದೆ. ಅದು '-ಥ್'. ವಾರ್ಮ್‌ನಿಂದ ವಾರ್ಮ್‌ತ್, ಡೀಪ್‌ನಿಂದ ಡೆಪ್ತ್, ಫೌಲ್‌ನಿಂದ ಫಿಲ್ತ್, ದುಬಾರಿ ಎಂಬ ಡಿಯರ್‌ನಿಂದ ಅಭಾವ ಎಂಬ ಡರ್ತ್. ಒಂದು ಕಾಲಕ್ಕೆ ಜೋರಾಗಿ ಓಡುತ್ತಿದ್ದ ಪಾರ್ಟು, ಈಗ ಹೊಸದಕ್ಕೆ ಹಚ್ಚಿದರೆ ಹಿಡಿಯುವುದಿಲ್ಲ. ಲಂಡನ್ನಿನ ಬಳಿ ಹಳೆಯ ಮಠದ ಮಾದರಿಯಲ್ಲಿ ವಿಚಿತ್ರವಾದ ಮನೆ ಕಟ್ಟಿಸಿಕೊಂಡಿದ್ದ ಹೊರೇಸ್ ವಾಲ್ಪೋಲ್ 1750ರ ದಶಕದಲ್ಲಿ ಪ್ರಯತ್ನಿಸಿ ನೋಡಿದ. ಒಳಗಿನ ಮಬ್ಬಿಗೆ 'ಗ್ಲೂಮ್ತ್', ತೋಟದ ಹಸಿರಿಗೆ 'ಗ್ರೀನ್ತ್' ಎಂದ. ಯಾರೂ ಅಷ್ಟಾಗಿ ಮುಟ್ಟಲಿಲ್ಲ. ಅದೇ ಮನುಷ್ಯ 1754ರ ಜನವರಿಯಲ್ಲಿ ಗೆಳೆಯನಿಗೆ ಪತ್ರ ಬರೆಯುತ್ತಾ, ಲಂಕೆಯ ಹಳೆಯ ಹೆಸರು ಸೆರೆಂದಿಪ್‌ಗೆ '-ಇಟಿ' ಸಿಕ್ಕಿಸಿ, ಹುಡುಕದೆಯೇ ಒಳ್ಳೆಯದು ಸಿಗುವುದಕ್ಕೆ 'ಸೆರೆಂಡಿಪಿಟಿ' ಅಂದ. ಅದು ಜಗತ್ತೆಲ್ಲ ಓಡಾಡುತ್ತಿದೆ.

'-ಥ್' ಅನ್ನು ಎಸೆಯಬೇಡಿ. ಫ್ಯಾನು ಬಿಚ್ಚಿ ಜೋಡಿಸಿದ ಮೇಲೆ ಉಳಿದ ಸ್ಕ್ರೂಗಳನ್ನು ಹಾಕಿಟ್ಟ ಹಳೇ ಹಾರ್ಲಿಕ್ಸ್ ಬಾಟಲಿ ಅಡುಗೆಮನೆಯ ಮೇಲಿನ ಅರೆಯಲ್ಲಿದೆಯಲ್ಲ, ಅದರಲ್ಲಿ ಹಾಕಿಡಿ.